ಕೊಡ್ಲಿಯಲ್ಲಿ ಒಂದು ಖೋಲಿ

ನನ್ನ ಕೆಲಸ ಏನೆಂದು ಅವ್ವನಿಗೆ ಹೇಳಲು ನಾನು ಮೊದಲ ಸಲ ಪ್ರಯತ್ನಿಸಿದ್ದು ವಾಡಿಯ ನಮ್ಮ ಮನೆಯ ಅಡುಗೆಮನೆಯಲ್ಲಿ. ಅವಳು ರೊಟ್ಟಿ ಬಡಿಯುತ್ತಿದ್ದಳು. ನಾನು ನಿಂತೇ ತಿನ್ನುತ್ತಿದ್ದೆ. ಚಿತ್ತಾಪುರದ ಪ್ಯಾಸೆಂಜರ್ ಗಾಡಿಗೆ ಹೊತ್ತಾಗುತ್ತಿತ್ತು.

“ಇಬ್ಬರು ದೂರದಿಂದ ಗುಟ್ಟಿನ ಮಾತು ಆಡಬೇಕಂದ್ರ ಇಬ್ಬರ ಹಂತೇಲೂ ಒಂದೇ ನಮೂನಿ ಚಾವಿ ಇರಬೇಕವ್ವ. ಆ ಚಾವಿ ಮುಟ್ಟಿಸೋದು ನಮ್ಮ ಕೆಲಸ. ತೆಳ್ಳನ ಗಾಜಿನ ಎಳಿ ಒಳಗ, ಬೆಳಕು ಕಾಳು ಕಾಳು ಮಾಡಿ ಕಳಿಸ್ತೀವಿ.”

“ದಾರ್ಯಾಗ ಯಾರರೆ ಕದ್ರ?”

“ನಡುವ ಯಾರರೆ ಇಣುಕಿದ್ರ ಬೆಳಕು ಕೆಡ್ತದ. ಕೆಟ್ಟದ್ದು ನಮಗ ಗೊತ್ತಾಗ್ತದ. ಆ ಚಾವಿ ಒಗದು ಹೊಸಾದು ಮಾಡ್ತೀವಿ.”

“ಕಳ್ಳನ್ನ ಹಿಡಿಯಂಗಿಲ್ಲೇನು?”

“ಅದು ನಮ್ಮ ಕೆಲಸ ಅಲ್ಲ.”

ಅವ್ವ ರೊಟ್ಟಿ ತಿರುವಿ ಹಾಕಿದಳು. “ಕಳ್ಳ ಬಂದಾನ ಅಂತ ಗೊತ್ತಾಗ್ತದ, ಹಿಡಿಯಂಗಿಲ್ಲ. ಮತ್ತ ಮನಿಯವರು ನಿದ್ದಿ ಹ್ಯಾಂಗ ಮಾಡ್ತಾರ?”

ನಾನು ಕೈ ತೊಳೆದು ಗಾಡಿಗೆ ಹೊರಟೆ. ನಿಜ ಹೇಳಬೇಕೆಂದರೆ ಆಗ ನನಗೆ ಸರಿಯಾಗಿ ನಿದ್ದೆ ಬರುತ್ತಿರಲಿಲ್ಲ. ನನ್ನ ಫೋನಿನ ಪರದೆಯ ಮೇಲೆ ಒಂದು ಗೆರೆ ಇತ್ತು. ಹಾದಿಯಲ್ಲಿ ಎಷ್ಟು ಬೆಳಕು ಕೆಟ್ಟಿತು ಎಂದು ತೋರಿಸುವ ಗೆರೆ. ನಾವು ಅದನ್ನು ತಪ್ಪಿನ ಗೆರೆ ಎನ್ನುತ್ತಿದ್ದೆವು. ಅದು ಒಂದು ಎತ್ತರ ದಾಟಿದರೆ ಯಂತ್ರ ತಾನಾಗಿ ಕೆಲಸ ನಿಲ್ಲಿಸುತ್ತಿತ್ತು. ಯಾರೋ ಇಣುಕುತ್ತಿದ್ದಾರೆ ಎಂಬುದು ಅದರ ತಿಳುವಳಿಕೆ. ಕೇಬಲ್ಲು ಬಿಸಿಲಿಗೆ ಕಾದರೂ, ಹಳೆಯ ಜೋಡಣೆ ಸಡಿಲವಾದರೂ ಗೆರೆ ಏರುತ್ತಿತ್ತು. ಕಳ್ಳ ಯಾವುದು, ಗಾಳಿ ಯಾವುದು ಎಂದು ಯಂತ್ರಕ್ಕೆ ತಿಳಿಯದು. ಹೋಗಿ ನೋಡುವುದು ನನ್ನ ಪಾಲಿನದು.

ಹಾಗಾಗಿ ನಾನು ಓಡಾಡುತ್ತಿದ್ದೆ. ಬೆಳಿಗ್ಗೆ ಶಹಾಬಾದ್, ಮಧ್ಯಾಹ್ನ ಚಿತ್ತಾಪುರ, ಸಂಜೆ ಸೇಡಂ. ದಂಡೋತಿಯಲ್ಲಿ ಕಾಗಿಣಾ ಹೊಳೆ ಸೇತುವೆಯ ಮೇಲೆ ಹರಿದರೆ ಸುತ್ತು ಹಾದಿ. ಸಿಮೆಂಟಿನ ಲಾರಿಗಳ ಹಿಂದೆ ಜೀಪು, ಜೀಪಿನ ಗಾಜಿನ ಮೇಲೆ ಬೂದು ಧೂಳು, ಕೈಯಲ್ಲಿ ಫೋನು. ಫೋನು ನಡುಗಿದರೆ ಎದೆ ಧಸಕ್ಕೆನ್ನುತ್ತಿತ್ತು. ನಡುಗದಿದ್ದರೆ, ಯಾಕೆ ಸುಮ್ಮನಿದೆ ಎಂದು ತೆಗೆದು ನೋಡುತ್ತಿದ್ದೆ.

ಶಹಾಬಾದಿನಿಂದ ಸೇಡಂವರೆಗಿನ ಕಚೇರಿಗಳ ಸಾಲು ಒಂದು ಹದಕ್ಕೆ ಬಂದಮೇಲೆ ಚಿಂಚೋಳಿಯನ್ನೂ ಕೂಡಿಸಬೇಕೆಂದು ಆದೇಶ ಬಂತು. ಎರಡು ಊರುಗಳ ನಡುವೆ ಇದನ್ನು ಮಾಡುವುದು ಒಂದು ಮಾತು; ಊರಿಗೆ ಊರು ಸೇರಿಸುತ್ತ ಹೋಗುವುದು ಬೇರೆಯೇ ಮಾತು. ಸಾಮಾನ್ಯ ಫೋನಿನ ಮಾತು ಹೊತ್ತ ಬೆಳಕು ಸೊರಗಿದರೆ ದಾರಿಯಲ್ಲಿ ಅದನ್ನು ಬಲಗೊಳಿಸಬಹುದು. ನಮ್ಮ ಬೆಳಕನ್ನು ಬಲಗೊಳಿಸಲು ಕೈಹಾಕಿದರೆ ಅದೂ ಇಣುಕಿದಂತೆಯೇ, ಕೆಟ್ಟುಹೋಗುತ್ತದೆ. ಆದ್ದರಿಂದ ದೂರ ಹೆಚ್ಚಾದಲ್ಲಿ ನಡುವೆ ಒಂದು ಖೋಲಿ ಬೇಕು. ಈ ಕಡೆಯಿಂದ ಬಂದ ಚಾವಿ ಆ ಖೋಲಿಯಲ್ಲಿ ಬಿಚ್ಚಿಕೊಂಡು, ಮುಂದಿನ ದಾರಿಗೆ ಮತ್ತೆ ಕಟ್ಟಿಕೊಂಡು ಹೋಗುತ್ತದೆ. ಬಿಚ್ಚಿಕೊಂಡ ಆ ಗಳಿಗೆಯಲ್ಲಿ ಅದಕ್ಕೆ ಯಾವ ಮರೆಯೂ ಇಲ್ಲ. ಗಾಜಿನ ಎಳೆಯುದ್ದಕ್ಕೂ ಯಾರನ್ನೂ ನಂಬಬೇಕಿಲ್ಲ ಎಂಬುದು ಈ ವಿದ್ಯೆಯ ಹೆಚ್ಚುಗಾರಿಕೆ. ಆದರೆ ಆ ಖೋಲಿಯನ್ನು ನಂಬಲೇಬೇಕು.

ವಾಡಿ, ಚಿತ್ತಾಪುರ, ಸೇಡಂಗಳಲ್ಲಿ ಹಳೆಯ ಟೆಲಿಫೋನ್ ಕಟ್ಟಡಗಳು ಸಿಕ್ಕಿದ್ದವು. ಚಿಂಚೋಳಿಗೆ ಹೋಗುವ ನಮ್ಮ ಕೇಬಲ್ಲು ಕೊಡ್ಲಿಯ ಮೇಲಿಂದ ಹೋಗುತ್ತಿತ್ತು. ನಡುಖೋಲಿ ಅಲ್ಲೇ ಆಗಬೇಕು. ಅಲ್ಲಿ ಸರಕಾರಿ ಜಾಗವೊಂದನ್ನು ನೋಡಿದೆವು, ಮೇಲ್ಛಾವಣಿ ಸೋರುತ್ತಿತ್ತು. ಇನ್ನೊಂದರಲ್ಲಿ ಊರಿನವರೆಲ್ಲ ಬಂದು ಕೂರುತ್ತಿದ್ದರು. ಕೊನೆಗೆ ರಸ್ತೆಯ ಬದಿಗೆ ಬೀಜ ಗೊಬ್ಬರದ ಅಂಗಡಿ ಇಟ್ಟಿದ್ದವರೊಬ್ಬರು, “ನಮ್ಮ ಮನೀದ ಒಂದು ಖೋಲಿ ಕೊಡ್ತೀನ್ರಿ, ನೋಡ್ರಿ” ಎಂದರು. ಹಣೆಗೆ ವಿಭೂತಿ, ಎದೆಯ ಮೇಲೆ ಲಿಂಗದ ಕರಡಿಗೆ, ಮೃದು ಮಾತಿನ ಮನುಷ್ಯ. ಅಂಗಡಿಯ ಹಿಂದೆಯೇ ಮನೆ. ಖೋಲಿಗೆ ದಪ್ಪ ಗೋಡೆ, ಕೆಳಗೆ ಶಹಾಬಾದಿ ಕಲ್ಲಿನ ನೆಲ. ಏಪ್ರಿಲ್ ತಿಂಗಳಲ್ಲೂ ತಂಪಾಗಿತ್ತು. ಯಂತ್ರಕ್ಕೆ ಇದಕ್ಕಿಂತ ಬೇರೇನು ಬೇಕು? ಆ ದಿನವೇ ಒಪ್ಪಿಕೊಂಡೆವು.

ನಾವು ನೋಡಲು ಹೋದಾಗ ಖೋಲಿಯೊಳಗೆ ಒಂದು ಹೊಲಿಗೆ ಮಿಷನ್ನು ಇತ್ತು. ಗೋಡೆಗೆ ಬ್ಲೌಸ್ ಪೀಸುಗಳ ಗಂಟು, ಗಿಳಿಗೂಟಕ್ಕೆ ಅಳತೆ ಟೇಪು. ಯಂತ್ರಗಳ ಪೆಟ್ಟಿಗೆ ಬರುವ ದಿನ ಅವೆಲ್ಲ ಪಡಸಾಲೆಗೆ ಬಂದಿದ್ದವು. ಅಂಗಡಿಯವರ ಹೆಂಡತಿ, ನನಗಿಂತ ಹತ್ತು ಹದಿನೈದು ವರ್ಷ ದೊಡ್ಡವರಿರಬಹುದು, ಪಡಸಾಲೆಯ ಗೋಡೆಗೆ ಮೇಜು ತಾಗಿಸಿ ಮಿಷನ್ನಿಗೆ ಮೋಟಾರು ಕೂಡಿಸುತ್ತಿದ್ದರು. ನಾನು ನಮಸ್ಕಾರ ಅಂದೆ. ಅವರು ತಲೆ ಆಡಿಸಿ ಮತ್ತೆ ಮೋಟಾರಿನ ಕಡೆ ಬಗ್ಗಿದರು. ಖೋಲಿಗೆ ಎರಡು ಬೀಗ ಬಿದ್ದವು. ಎರಡರ ಚಾವಿಯೂ ನನ್ನ ಹತ್ತಿರ. ನನ್ನನ್ನೂ ನಮ್ಮ ಫೈಬರ್ ಜೋಡಿಸುವವನನ್ನೂ ಬಿಟ್ಟು ಯಾರೂ ಒಳಗೆ ಬರಕೂಡದೆಂದು ನಿಯಮ. ಅದನ್ನು ಮನೆಯವರಿಗೆ ನಾನೇ ಹೇಳಬೇಕಾಯಿತು. ಅಂಥ ದಪ್ಪ ಬಾಗಿಲಿನ ಮನೆಗಳಲ್ಲಿ ಎಲ್ಲಿಯವರೆಗೆ ಬರಬೇಕು, ಎಲ್ಲಿ ನಿಲ್ಲಬೇಕು ಎಂದು ಹೇಳಿಸಿಕೊಂಡವರು ನಮ್ಮ ಹಿರಿಯರು. ನಾನು ಈಗ ಅದೇ ಥರದ ಮನೆಯೊಳಗೆ ನಿಂತು, ಮನೆಯೊಡತಿಗೆ, “ಇಲ್ಲಿ ನೀವು ಬರಬ್ಯಾಡ್ರಿ” ಎನ್ನುತ್ತಿದ್ದೆ. ಖುಷಿಯಾಗಬೇಕಿತ್ತೋ ಏನೋ. ಆಗಲಿಲ್ಲ. ಬೇಗ ಹೊರಗೆ ಹೋದರೆ ಸಾಕೆನಿಸಿತು.

ಮೂರನೆಯ ವಾರದಿಂದ ತಪ್ಪಿನ ಗೆರೆ ಏರತೊಡಗಿತು.

ಏರುವುದು, ಇಳಿಯುವುದು, ಮತ್ತೆ ಏರುವುದು. ಹೆಚ್ಚಾಗಿ ಊಟದ ಹೊತ್ತಿಗೆ ಮುಂಚೆ, ಕೆಲವು ದಿನ ಸಂಜೆ ಕೂಡ. ನಾನು ಸೇಡಂನಿಂದ ಜೀಪು ಹೊಡೆಸಿಕೊಂಡು ಬರುತ್ತಿದ್ದೆ. ನಾನು ಕೊಡ್ಲಿ ಮುಟ್ಟಿ, ಬೀಗ ತೆಗೆದು ಪರದೆಯ ಮುಂದೆ ಕೂತರೆ ಗೆರೆ ಸತ್ತ ಹಾವಿನಂತೆ ಮಲಗಿರುತ್ತಿತ್ತು. ಗೋಡೆಯ ಆಚೆಯಿಂದ ಅಂಗಡಿಯವರು, “ಮೇಡಂ, ಚಾ ತಗೋರಿ” ಎನ್ನುತ್ತಿದ್ದರು. ಹೊರಗೆ ಬಂದು ಕಾಗದದ ಕಪ್ಪಿನಲ್ಲಿ ಚಹಾ ಕುಡಿದು ಹೋಗುತ್ತಿದ್ದೆ. ಸೇಡಂ ಮುಟ್ಟುವುದರೊಳಗೆ ಫೋನು ಮತ್ತೆ ನಡುಗುತ್ತಿತ್ತು.

ರಸ್ತೆಯುದ್ದಕ್ಕೂ ಕೇಬಲ್ಲಿನ ಜೋಡಣೆಗಳಿದ್ದ ಗುಂಡಿಗಳನ್ನೆಲ್ಲ ತೆರೆದು ನೋಡಿದೆವು. ಕೇಬಲ್ಲು ಕಂಬದ ಮೇಲೆ ಹಾಯುವ ಕಡೆ ಬಿಗಿ ಕಟ್ಟಿಸಿದೆವು. ಸುಣ್ಣದಕಲ್ಲಿನ ಖಣಿಯಲ್ಲಿ ಮದ್ದು ಸಿಡಿಸುವ ಹೊತ್ತನ್ನು ವಿಚಾರಿಸಿದೆವು. ಅದೂ ಗೆರೆಗೆ ಹೊಂದಲಿಲ್ಲ. ಫೈಬರ್ ಜೋಡಿಸುವವನು ಸೇಡಂನವನು, ಸಿಟ್ಟಿಗೇಳದ ಮನುಷ್ಯ. ಅವನೂ ಒಂದು ದಿನ ಗುಂಡಿಯಿಂದ ಮೇಲೆ ಬಂದು ಮಣ್ಣು ಜಾಡಿಸಿಕೊಳ್ಳುತ್ತ, “ಮೇಡಂ, ಲೈನ್ ಏಕ್‌ದಂ ಸಾಫ್ ಅದ. ಇನ್ನ ಯಾರರೆ ಖರೇನೆ ಕೇಳಾಕತ್ತಾರಂದ್ರ ನಂಗ ಗೊತ್ತಿಲ್ಲ” ಎಂದ.

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ರಸ್ತೆಯಲ್ಲಿ ನಿಂತ ಬೈಕುಗಳನ್ನು ತಿರುಗಿ ನೋಡತೊಡಗಿದೆ. ಅಂಗಡಿಗೆ ಯಾರು ಬರುತ್ತಾರೆ, ಯಾಕೆ ಅಷ್ಟು ಹೊತ್ತು ನಿಲ್ಲುತ್ತಾರೆ ಎಂದು ಲೆಕ್ಕ ಹಾಕತೊಡಗಿದೆ. ಅಂಗಡಿಯವರ ಚಹಾದ ಬಗ್ಗೆಯೂ ಅನುಮಾನ. ಗಿರಾಕಿಗಳಿಗೆಲ್ಲ ಅವರು ಕಾಗದದ ಕಪ್ಪಿನಲ್ಲೇ ಕೊಡುತ್ತಿದ್ದರು. ಆದರೂ ಒಳಗಿನ ಸ್ಟೀಲ್ ಕಪ್ಪು ನನಗೆ ಯಾಕೆ ಬರಲಿಲ್ಲ ಎಂಬ ಪ್ರಶ್ನೆ ಎಲ್ಲಿಂದಲೋ ಎದ್ದು ಬರುತ್ತಿತ್ತು. ಕೇಳುವಂತಿಲ್ಲ, ಬಿಡುವಂತೆಯೂ ಇಲ್ಲ. ಮನೆಯಲ್ಲಿ ಅವ್ವ ಪಕ್ಕದವರೊಂದಿಗೆ ದನಿ ತಗ್ಗಿಸಿ ಮಾತಾಡಿದರೂ, “ಏನು ಮಾತಾಡಾಕತ್ತೀರಿ?” ಎಂದು ಕೇಳುತ್ತಿದ್ದೆ.

ಒಂದು ದಿನ ಅಂಗಡಿಯವರು ಕಲಬುರಗಿಗೆ ಹೋಗಿದ್ದರು. ಹೆಂಡತಿಯೇ ಚಹಾ ತಂದರು. ನನ್ನ ಕುರ್ತಾದ ಭುಜದ ಹೊಲಿಗೆ ಬಿಟ್ಟಿದ್ದನ್ನು ನೋಡಿ, “ಇದು ಯಾರು ಹೊಲಿದಾರ? ಅಳತಿನೇ ತಪ್ಪ್ಯದ. ನಿಂದರ್ರಿ” ಎಂದು ಟೇಪು ತೆಗೆದರು. ಬೇಡವೆನ್ನುವುದರೊಳಗೆ ಟೇಪು ನನ್ನ ಬೆನ್ನಿನ ಮೇಲಿತ್ತು.

“ನಿಮ್ಮ ಊರು ಯಾವುದ್ರಿ?”

“ವಾಡಿ.”

“ವಾಡ್ಯಾಗ ಯಾರ ಪೈಕಿ?”

ಈ ಪ್ರಶ್ನೆ ಬರುವುದೆಂದು ಮೊದಲ ದಿನದಿಂದ ಕಾಯುತ್ತಿದ್ದೆ. “ನಾವು ಬೌದ್ಧರು” ಎಂದೆ. ಅಪ್ಪ ರೈಲ್ವೆಯಲ್ಲಿದ್ದರು ಎಂದು ಸೇರಿಸಲು ಹೊರಟು ಸುಮ್ಮನಾದೆ. ಅದನ್ನು ಯಾಕೆ ಸೇರಿಸಬೇಕು?

ಟೇಪು ಒಂದು ಗಳಿಗೆ ನಿಂತಿತೋ, ನನಗೆ ಹಾಗೆನಿಸಿತೋ. “ಹಂಗೇನು. ಕೈ ಮ್ಯಾಲೆ ಮಾಡ್ರಿ” ಎಂದು ಅವರು ತೋಳಿನ ಅಳತೆ ತೆಗೆದರು. ಆಮೇಲೆ, “ನಾ ಇಷ್ಟು ದಿನ ನಿಮ್ಮನ್ನ ಹೈದ್ರಾಬಾದ್‌ನವರು ಅಂತ ತಿಳಿದಿದ್ದೆ. ಭಾಳ ಬಿರುಸಾಗಿ ಮಾತಾಡ್ತೀರಿ” ಎಂದರು. ಅಷ್ಟೇ. ಆ ಮಾತಿನಲ್ಲಿ ಏನಿತ್ತೆಂದು ನಾನು ದಾರಿಯುದ್ದಕ್ಕೂ ಹುಡುಕಿದೆ.

ಗೆರೆ ಶಾಂತವಾಗಲಿಲ್ಲ. ನಮ್ಮ ಮೇಲಧಿಕಾರಿ ಫೋನು ಮಾಡಿದರು. ಅವರು ಬೆಂಗಳೂರಿನ ಕಡೆಯವರು, ಗಟ್ಟಿಯಾಗಿ ಮಾತಾಡುವವರಲ್ಲ.

“ಕಾರಣ ಸಿಗದಿದ್ದರೆ ನಾವು ಅದನ್ನು ಕದ್ದಾಲಿಕೆ ಅಂತಲೇ ಹಿಡೀಬೇಕಾಗುತ್ತೆ. ಆ ಮನೆಯವರ ಬಗ್ಗೆ ಪೊಲೀಸ್ ವಿಚಾರಣೆ ಮಾಡಿಸೋಣ.”

“ಸರ್, ಸ್ವಲ್ಪ ದಿನ ಕೊಡಿ.”

“ಯಾಕೆ?”

ಯಾಕೆಂದು ಅವರಿಗೆ ಹೇಳಲಿಲ್ಲ. ನಾನು ಈ ಕೆಲಸಕ್ಕೆ ಸೇರುವಾಗ ನನ್ನ ಬಗ್ಗೆಯೂ ವಿಚಾರಣೆ ಆಗಿತ್ತು. ವಾಡಿಯ ನಮ್ಮ ಓಣಿಗೆ ಪೊಲೀಸರೊಬ್ಬರು ಬಂದು ನಾಲ್ಕು ಮನೆಗಳಲ್ಲಿ ಕೇಳಿದ್ದರು: ಈ ಹುಡುಗಿ ಹೇಗೆ, ಯಾರು ಬಂದು ಹೋಗುತ್ತಾರೆ, ಯಾವ ಮೆರವಣಿಗೆಗೆ ಹೋಗಿದ್ದಳು. ಅವರು ಸಭ್ಯವಾಗಿಯೇ ಕೇಳಿದ್ದರಂತೆ. ಆದರೂ ಅವ್ವ ಅವತ್ತು ಒಲೆ ಹಚ್ಚಿರಲಿಲ್ಲ. ಎದುರು ಮನೆಯವರು ಒಂದು ತಿಂಗಳು ನನ್ನ ಜೊತೆ ಅಳೆದು ತೂಗಿ ಮಾತಾಡಿದರು. ಕಾಗದದ ಮೇಲೆ ನಾನು ನಂಬಿಕೆಗೆ ಯೋಗ್ಯಳಾದೆ. ಓಣಿಯಲ್ಲಿ ಆ ವಿಷಯ ಮರೆಯಾಗಲು ಬಹಳ ದಿನ ಹಿಡಿಯಿತು. ಕೊಡ್ಲಿಯ ಆ ಬಾಗಿಲ ಮುಂದೆ ಪೊಲೀಸ್ ಜೀಪು ನಿಂತರೆ ಏನಾಗುತ್ತದೆಂದು ನನಗೆ ಗೊತ್ತಿತ್ತು.

ಮದುವೆಗಳ ದಿನಗಳು ಅವು. ಮರುದಿನ ನಾನು ಹೇಳದೆ ಕೇಳದೆ ಬಸ್ಸಿನಲ್ಲಿ ಹೋದೆ, ಜೀಪಿನ ಸದ್ದಿಲ್ಲ. ಅಂಗಡಿಯಲ್ಲಿ ಗಿರಾಕಿಗಳು ತುಂಬಿದ್ದರು, ಅಂಗಡಿಯವರು ನನ್ನನ್ನು ನೋಡಲಿಲ್ಲ. ಹಿತ್ತಲ ಬಾಗಿಲಿನಿಂದ ಬಂದು ಬೀಗ ತೆಗೆದು ಒಳಗೆ ಕೂತೆ. ಗೆರೆ ಮೇಲಿತ್ತು. ಮೊದಲ ಸಲ ನನ್ನ ಕಣ್ಣೆದುರೇ ಮೇಲಿತ್ತು. ನೋಡುತ್ತಿದ್ದಂತೆ ಕೆಳಗೆ ಬಿತ್ತು. ಮತ್ತೆ ಏರಿತು. ಆಗ ಗೋಡೆಯ ಆಚೆಯ ಗುಂಯ್ ಎನ್ನುವ ಸದ್ದು ಕಿವಿಗೆ ಬಿತ್ತು. ಸದ್ದು ನಿಂತಿತು, ಗೆರೆ ಇಳಿಯಿತು. ಸದ್ದು ಹಿಡಿಯಿತು, ಗೆರೆ ಎದ್ದಿತು. ಗೋಡೆಯ ಮೇಲೆ ಸುರುಳಿ ಸುತ್ತಿ ನೇತುಹಾಕಿದ್ದ ಗಾಜಿನ ಎಳೆಗೆ ಬೆರಳು ಹಚ್ಚಿದೆ. ಸಣ್ಣಗೆ ನಡುಗುತ್ತಿತ್ತು.

ಹೊರಗೆ ಬಂದೆ. ಪಡಸಾಲೆಯಲ್ಲಿ ಅಂಗಡಿಯವರ ಹೆಂಡತಿ ಬ್ಲೌಸುಗಳ ರಾಶಿಯ ನಡುವೆ ತಲೆ ತಗ್ಗಿಸಿ ಹೊಲಿಯುತ್ತಿದ್ದರು. ಮೇಜು ಗೋಡೆಗೆ ಒತ್ತಿಕೊಂಡಿತ್ತು.

“ಅಕ್ಕಾ, ಒಂದು ಮಾತು ಕೇಳ್ಲಿ? ನಾ ಬಂದಾಗ ನೀವು ಯಾವಾಗಲೂ ಮಿಷನ್ ಬಂದ್ ಮಾಡ್ತಿದ್ರೇನು?”

ಅವರು ಬೆಚ್ಚಿ ನೋಡಿದರು. “ಜೀಪ್ ಸಪ್ಪಳ ಆದ ಕೂಡಲೇ ಬಂದ್ ಮಾಡ್ತೀನ್ರಿ. ದೊಡ್ಡ ಕೆಲಸದವರು ಬಂದಾಗ ಗದ್ದಲ ಮಾಡಬ್ಯಾಡ ಅಂತ ಇವರು ಹೇಳ್ಯಾರ. ಚಾಕ್ಕ ಇಡ್ತೀನಿ. ಇವತ್ತ ಬಂದದ್ದು ಗೊತ್ತಾಗಲಿಲ್ಲ. ಯಾಕ್ರಿ?”

ನನಗೆ ನಗು ಬಂತು. ಅಲ್ಲೇ ಕಟ್ಟೆಯ ಮೇಲೆ ಕೂತು ಹೇಳಿದೆ: ನಿಮ್ಮ ಮಿಷನ್ನಿಗೆ ಗೋಡೆ ನಡುಗುತ್ತದೆ, ಗೋಡೆಗೆ ನಮ್ಮ ಎಳೆ ನಡುಗುತ್ತದೆ, ನಡುಗಿದರೆ ಬೆಳಕು ಕೆಡುತ್ತದೆ, ನಮ್ಮ ಯಂತ್ರ ಅದನ್ನು ಕಳ್ಳತನ ಎಂದು ತಿಳಿಯುತ್ತದೆ.

ಅವರು ನಗಲಿಲ್ಲ. ಸೂಜಿಯ ಕೆಳಗಿನ ಬಟ್ಟೆಯನ್ನು ಸಾವಕಾಶ ತೆಗೆದರು.

“ಮದಲ ಖೋಲಿ ತಗೊಂಡ್ರಿ. ಅದು ನನ್ನ ಖೋಲಿ ಇತ್ತು. ನಿಮಗ ಕೊಡೋ ಮುಂದ ಇವರು ನನ್ನ ಒಂದು ಮಾತು ಕೇಳಲಿಲ್ಲ. ನೀವೂ ಕೇಳಲಿಲ್ಲ. ಈಗ ಮಿಷನ್ನೂ ಬಂದ್ ಮಾಡಂತೀರಿ. ನನ್ನ ಕಳ್ಳಿ ಅಂದಂಗಾತು.”

“ನಾ ಹಂಗಂದಿಲ್ಲ ಅಕ್ಕಾ.”

“ನಿಮ್ಮ ಯಂತ್ರ ಅಂದದಲ್ಲ.”

“ಮಿಷನ್ ಬಂದ್ ಮಾಡಬ್ಯಾಡ್ರಿ. ನಮ್ಮ ಎಳಿನೇ ಆ ಕಡಿ ಗ್ವಾಡಿಗಿ ಒಯ್ತೀನಿ” ಎಂದೆ. ಅವರು ಮತ್ತೆ ಹೊಲಿಯಲು ಕೂತರು. ಆ ಸದ್ದಿನಲ್ಲೇ ನಾನು ಸೇಡಂಗೆ ಫೋನು ಹಚ್ಚಿ ಜೋಡಿಸುವವನನ್ನು ಕರೆಸಿದೆ. ಅವನು ಬಂದು ಸಂಜೆಯವರೆಗೆ ಕೂತು ಎಳೆಯನ್ನು ಎದುರು ಗೋಡೆಗೆ ಸಾಗಿಸಿದ. ಸುರುಳಿಯ ಕೆಳಗೆ ಮೆತ್ತನೆಯ ಸ್ಪಂಜು ಇಟ್ಟ. ಅವರು ಪಟ್ಟು ಹಿಡಿದವರಂತೆ ಒಂದೇ ಸಮನೆ ಹೊಲಿದರು. ಗೆರೆ ಏಳಲಿಲ್ಲ. ನಾವು ಹೊರಡುವಾಗ ಅವರು ಮುಖ ಎತ್ತದೆ, “ಆತೇನ್ರಿ?” ಎಂದರು.

“ಆತ್ರಿ.”

“ಹೂಂ.”

ಮೇಲಧಿಕಾರಿಗೆ ಫೋನಿನಲ್ಲಿ, ಮನೆಯವರ ಹೊಲಿಗೆ ಮಿಷನ್ನಿನಿಂದ ಗೋಡೆ ನಡುಗುತ್ತಿತ್ತು, ಸರಿಪಡಿಸಿದ್ದೇವೆ, ವಿಚಾರಣೆಯ ಅಗತ್ಯವಿಲ್ಲ ಎಂದೆ. ಅವರು, “ನಾನೇ ಬಂದು ನೋಡ್ತೀನಿ” ಎಂದರು.

ಹೇಳಿದಂತೆ ಅವರು ಬಂದರು. ಖೋಲಿ ನೋಡಿದರು, ಬೀಗ ನೋಡಿದರು, ಎಳೆ ನೋಡಿದರು. ಎಲ್ಲಕ್ಕೂ ತಲೆಯಾಡಿಸಿದರು. ಹೊರಗೆ ಬಂದು ಪಡಸಾಲೆಯಲ್ಲಿ ನಿಂತರು. ಅಂಗಡಿಯವರು ಕೈಕಟ್ಟಿ ನಿಂತಿದ್ದರು. ಅವರ ಹೆಂಡತಿ ಮಿಷನ್ನಿನ ಮುಂದೆ ಕೂತಿದ್ದರು.

ಮೇಲಧಿಕಾರಿ ನನ್ನ ಕಡೆ ತಿರುಗಿ, “ಇವರು ಒಳಗೆ ಹೋಗ್ತಾರಾ?” ಎಂದು ಕೇಳಿದರು.

ಉತ್ತರ ಬಂದದ್ದು ಮಿಷನ್ನಿನ ಕಡೆಯಿಂದ. “ನನ್ನ ಮನ್ಯಾಗ ನಾ ಹೋಗದ ಖೋಲಿ ಅದೊಂದೇ ಅದ ನೋಡ್ರಿ.”

ಅಂಗಡಿಯವರು, “ಏ, ಸುಮ್ಮನಿರು” ಎಂದರು.

“ಯಾಕ ಸುಮ್ಮನಿರಲಿ? ಸಾಹೇಬ್ರು ನನ್ನ ಬಗ್ಗೇನೇ ಕೇಳಾಕತ್ತಾರ.”

ಮೇಲಧಿಕಾರಿ ಮುಗುಳ್ನಕ್ಕರು. ಒಳ್ಳೆಯ ಮನುಷ್ಯರೇ. ಜೀಪಿನ ಹತ್ತಿರ ನನ್ನನ್ನು ಕರೆದು, “ನಿಮಗೆ ಇವರ ಮೇಲೆ ನಂಬಿಕೆ ಇದೆಯಾ?” ಎಂದರು.

“ಇದೆ ಸರ್.”

“ನನಗೂ ಇದೆ ಅನ್ಕೊಳ್ಳಿ. ಆದರೆ ನಾಳೆ ಇನ್ನೂ ಎಷ್ಟೋ ಊರು ಸೇರುತ್ತೆ. ಪ್ರತಿ ಊರಲ್ಲೂ ಒಂದು ಮನೆ, ಒಂದು ಪಡಸಾಲೆ, ಅಲ್ಲಿ ಯಾರೋ ಒಬ್ಬರು. ಪ್ರತಿಯೊಬ್ಬರನ್ನೂ ನೀವು ಹೀಗೆ ಕೂತು ನಂಬೋಕಾಗುತ್ತಾ? ಜನ ಇಲ್ಲದ ಕಡೆ ಹೋಗೋಣ.”

ವಿದ್ಯುತ್ ಸಬ್‌ಸ್ಟೇಷನ್ನಿನ ಪಕ್ಕದ ಬಯಲಲ್ಲಿ ಕಬ್ಬಿಣದ ಒಂದು ಕಂಟೇನರು ಇಟ್ಟು, ಸುತ್ತ ತಂತಿ ಬೇಲಿ ಹಾಕುವುದೆಂದು ತೀರ್ಮಾನವಾಯಿತು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ನನಗೂ ಒಂಥರಾ ಹಗುರವಾಯಿತು. ಪೊಲೀಸ್ ಜೀಪು ಬರಲಿಲ್ಲವಲ್ಲ. ಆದರೂ ಸೇಡಂ ಮುಟ್ಟುವವರೆಗೆ ಏನೋ ಕಳೆದುಕೊಂಡವಳಂತೆ ಕೈಚೀಲವನ್ನು ತಡಕಾಡುತ್ತಿದ್ದೆ.

ಖೋಲಿ ತೆರವು ಮಾಡಿದ ದಿನ ಯಂತ್ರಗಳು ಹೊರಗೆ ಬಂದಮೇಲೆ ಅಕ್ಕ ಹೊಸ್ತಿಲಲ್ಲಿ ನಿಂತು, “ಈಗ ಬರಬಹುದೇನ್ರಿ?” ಎಂದು ಕೇಳಿದರು. ನಾನು ಪಕ್ಕಕ್ಕೆ ಸರಿದೆ. ಅವರು ಒಳಗೆ ಬಂದು ಸುತ್ತ ನೋಡಿದರು. ಭದ್ರತೆಗೆಂದು ನಾವು ಕಿಟಕಿಗೆ ಇಟ್ಟಿಗೆ ಕಟ್ಟಿಸಿದ್ದೆವು. “ಕತ್ತಲಿ ಮಾಡೀರಲ್ಲ. ಸೂಜ್ಯಾಗ ದಾರ ಹ್ಯಾಂಗ ಪೋಣಸ್ಲಿ?” ಎಂದರು. ಗಾರೆ ಕೆಲಸದ ಗವಂಡಿಯನ್ನು ಹುಡುಕಿ ಕರೆತಂದೆ. ಲಾರಿ ಹೊರಟುಹೋಯಿತು. ಅವನು ಇಟ್ಟಿಗೆ ಬಿಚ್ಚುವವರೆಗೆ ನಾನು ಅಂಗಳದಲ್ಲಿ ಅತ್ತಿಂದಿತ್ತ ತಿರುಗಿದೆ.

ಆಮೇಲೆ ಅವರೇ ಫೋನು ಮಾಡಿದ್ದರು. ಬಾಡಿಗೆ ನಿಂತಿತೆಂದು ಗಂಡ ಅಲ್ಲಿ ಗೊಬ್ಬರದ ಚೀಲ ಇಡಲು ನೋಡಿದರಂತೆ. “ಚೀಲ ಬರೋದಕ್ಕಿಂತ ಮದಲ ನನ್ನ ಮಿಷನ್ ಒಳಗ ಹೋತು. ಚಾವಿ ನನ್ನ ಹಂತೇಲೇ ಅದ. ಒಂದು ದಿವಸ ಮಾತಾಡಲಿಲ್ಲ ಇವರು, ಈಗ ಸರಿ ಅದಾರ” ಎಂದರು. ದನಿಯಲ್ಲಿ ನಗುವಿತ್ತು.

ಚಿಂಚೋಳಿಗೆ ಮೊದಲ ಚಾವಿ ಮುಟ್ಟಿದ್ದು ಮಳೆಗಾಲ ಹಿಡಿದ ಮೇಲೆ. ಒಂದು ಕಚೇರಿಯ ಖೋಲಿಯಲ್ಲಿ ಆರೆಂಟು ಮಂದಿ ಪರದೆಯ ಸುತ್ತ ನಿಂತಿದ್ದೆವು. ಯಾರೂ ಕದಿಯಲಾಗದ ಮೊದಲ ಮಾತು ಕಳಿಸಿ ಎಂದು ಅಲ್ಲಿನ ಅಧಿಕಾರಿಯೊಬ್ಬರನ್ನು ಕೇಳಿದೆವು. ಅವರು ಯೋಚಿಸಿ ಶಹಾಬಾದಿಗೆ, “ಊಟ ಆತೇನ್ರಿ?” ಎಂದು ಬರೆದರು. “ಇನ್ನೂ ಇಲ್ಲ” ಎಂದು ಉತ್ತರ ಬಂತು. ಎಲ್ಲರೂ ನಕ್ಕರು, ಚಪ್ಪಾಳೆ ತಟ್ಟಿದರು. ನಾನು ತಪ್ಪಿನ ಗೆರೆ ನೋಡುತ್ತಿದ್ದೆ.

ಸಂಜೆಗೆ ಮುಂಚಿನ ಬಸ್ಸು ಹಿಡಿದೆ. ಕೊಡ್ಲಿಯಲ್ಲಿ ನನಗೆ ಯಾವ ಕೆಲಸವೂ ಇರಲಿಲ್ಲ. ಕಂಟೇನರಿನ ಕಾವಲುಗಾರನಿಗೆ ನನ್ನ ಮುಖ ಕೂಡ ಗೊತ್ತಿಲ್ಲ. ಆದರೂ ಬಸ್ಸು ನಿಂತಾಗ ಇಳಿದುಬಿಟ್ಟೆ. ಅಂಗಡಿಯವರು, “ಅರೇ, ಮತ್ತ ಏನರೆ ಕೆಟ್ಟದೇನ್ರಿ?” ಎಂದು ಎದ್ದು ನಿಂತರು. ಏನೂ ಇಲ್ಲವೆಂದೆ. ಒಳಗೆ ಖೋಲಿಯ ಬಾಗಿಲು ತೆರೆದಿತ್ತು, ಮಿಷನ್ನು ಓಡುತ್ತಿತ್ತು. ನನ್ನನ್ನು ನೋಡಿಯೂ ಅಕ್ಕ ಅದನ್ನು ನಿಲ್ಲಿಸಲಿಲ್ಲ.

“ಬರ್ರಿ, ಒಳಗ ಬರ್ರಿ. ಈ ತೋಳು ಮುಗಿಸಿ ಎದ್ದೆ.”

ನಾನು ಬಾಗಿಲ ಹೊರಗೇ ಗೋಡೆಗೊರಗಿ ನಿಂತೆ. ಫೋನು ನಡುಗಿತು. ಮೇಲಧಿಕಾರಿ: ಮುಂದಿನದು ಬೀದರ್ ಕಡೆ, ಸೋಮವಾರದಿಂದ ಜಾಗ ನೋಡಲು ಹೊರಡಬೇಕು. ಸರಿ ಸರ್ ಎಂದು ಬರೆದೆ. ಬರೆದು ತಲೆ ಎತ್ತಿದಾಗ ಅವರು ದಾರ ಕಡಿಯುತ್ತ ನನ್ನನ್ನೇ ನೋಡುತ್ತಿದ್ದರು.

“ಮತ್ತ ಎಲ್ಲಿಗಿ?”

“ಬೀದರ್ ಕಡಿ.”

“ಅಲ್ಲಿನೂ ಯಾರದರೆ ಖೋಲಿ ಬೇಕೇನು?”

“ಗೊತ್ತಿಲ್ಲಕ್ಕಾ. ನೋಡಬೇಕು.”

“ನೋಡ್ರಿ” ಎಂದು ಅವರು ಇನ್ನೊಂದು ತೋಳನ್ನು ಸೂಜಿಯ ಕೆಳಗೆ ಸರಿಸಿದರು. ಸೇಡಂ ಬಸ್ಸು ಬರಲು ಇನ್ನೂ ಹೊತ್ತಿತ್ತು. ನಾನು ರಸ್ತೆಗೂ ಖೋಲಿಗೂ ಒಂದೆರಡು ಸಲ ತಿರುಗಿ, ಮಳೆ ಹನಿಯತೊಡಗಿದ ಮೇಲೆ ಹೊಸ್ತಿಲು ದಾಟಿ ಒಳಗೆ ಬಂದೆ.